ದಾರಿ ಕೇಳದೆ ದಾರಿ ಸಿಗುವ ಜಾಗಗಳು

ಮೆಕ್ಸಿಕೊ ಸಿಟಿಯ ಮೆಟ್ರೊದಲ್ಲಿ ಚಪುಲ್ತೆಪೆಕ್ ಅನ್ನುವ ನಿಲ್ದಾಣವಿದೆ. ಅದರ ಗುರುತು ಒಂದು ಮಿಡತೆ. ನಿಲ್ದಾಣದ ಫಲಕದಲ್ಲಿ, ಮಾರ್ಗದ ನಕ್ಷೆಯಲ್ಲಿ, ಹೆಸರು ಎಲ್ಲಿದೆಯೋ ಅಲ್ಲೆಲ್ಲ ಪಕ್ಕದಲ್ಲಿ ಆ ಮಿಡತೆ ಇರುತ್ತದೆ. ಅಲ್ಲಿನ ಗುಡ್ಡಕ್ಕೆ ಹಳೆಯ ನಹುವಾತ್ಲ್ ಭಾಷೆಯಲ್ಲಿ ಮಿಡತೆ ಗುಡ್ಡ ಅಂತಲೇ ಹೆಸರು. ಮೆರ್ಸೆಡ್ ನಿಲ್ದಾಣ ದೊಡ್ಡ ಮಾರುಕಟ್ಟೆಯ ಪಕ್ಕದಲ್ಲಿದೆ, ಅದಕ್ಕೆ ಸೇಬು ತುಂಬಿದ ಪೆಟ್ಟಿಗೆಯ ಚಿತ್ರ. ಇನ್ಸುರ್ಹೆಂತೆಸ್ (ಅಂದರೆ ಬಂಡಾಯಗಾರರು) ನಿಲ್ದಾಣಕ್ಕೆ ಗಂಟೆ, ಯಾಕೆಂದರೆ ಸ್ವಾತಂತ್ರ್ಯ ಹೋರಾಟ ಒಂದು ಚರ್ಚಿನ ಗಂಟೆ ಬಾರಿಸಿ ಶುರುವಾಯಿತು ಅನ್ನುವುದು ಆ ದೇಶದ ಮಕ್ಕಳಿಗೆಲ್ಲ ಗೊತ್ತು. ಪಿನೊ ಸುವಾರೆಸ್ ಎಂಬಲ್ಲಿ ಸುರಂಗ ಅಗೆಯುವಾಗ ಆಜ್ಟೆಕ್ ಕಾಲದ ಪುಟ್ಟ ಗುಡಿಯೊಂದು ಸಿಕ್ಕಿತು. ಅದನ್ನು ಅಲ್ಲೇ ಉಳಿಸಿಕೊಂಡು ನಿಲ್ದಾಣ ಕಟ್ಟಿದರು. ಜನ ರೈಲು ಬದಲಿಸಲು ಹೋಗುವಾಗ ಇವತ್ತಿಗೂ ಅದರ ಪಕ್ಕದಲ್ಲೇ ನಡೆದು ಹೋಗುತ್ತಾರೆ. ಆ ನಿಲ್ದಾಣದ ಗುರುತೂ ಆ ಗುಡಿಯೇ.

ಈ ಮೆಟ್ರೊದ ಮೊದಲ ಮಾರ್ಗ ಶುರುವಾಗಿದ್ದು 1969ರ ಸೆಪ್ಟೆಂಬರ್ 4ರಂದು. ಅದರ ಲಾಂಛನವನ್ನೂ ಮೊದಲ ನಿಲ್ದಾಣಗಳ ಗುರುತುಗಳನ್ನೂ ರೂಪಿಸಿದ್ದು ಅಮೆರಿಕದ ವಿನ್ಯಾಸಕ ಲ್ಯಾನ್ಸ್ ವೈಮನ್ ಮತ್ತು ಅವರ ಮೆಕ್ಸಿಕನ್ ಜೊತೆಗಾರರು. 1968ರಲ್ಲಿ ಅದೇ ನಗರದಲ್ಲಿ ನಡೆದ ಒಲಿಂಪಿಕ್ಸ್‌ಗೂ ಚಿತ್ರ, ಅಕ್ಷರ, ಬಣ್ಣಗಳ ಕೆಲಸ ಮಾಡಿದ ತಂಡದಲ್ಲಿ ವೈಮನ್ ಇದ್ದರು. ಆಗ ಆ ನಗರಕ್ಕೆ ಹಳ್ಳಿಗಳಿಂದ ಜನ ಬಂದು ಸೇರುತ್ತಲೇ ಇದ್ದರು. ಅವರಲ್ಲಿ ಓದು ಬಾರದವರು ತುಂಬಾ ಮಂದಿ. ಹಾಗಾಗಿ ಪ್ರತಿ ನಿಲ್ದಾಣಕ್ಕೂ ಹೆಸರಿನ ಜೊತೆ ಒಂದು ಚಿತ್ರ ಅಂತ ತೀರ್ಮಾನವಾಯಿತು. ಇವತ್ತು ಅಲ್ಲಿ 12 ಮಾರ್ಗ, 195 ನಿಲ್ದಾಣ ಇವೆ. ಒಂದೊಂದಕ್ಕೂ ಅದರದೇ ಚಿತ್ರ ಇದೆ.

ಇದರ ಅನುಕೂಲ ನೋಡಿ. ಅಕ್ಷರ ಬಾರದ ಅಜ್ಜಿಗೂ "ಗಂಟೆ ಚಿತ್ರ ಬಂದಾಗ ಇಳಿ" ಅಂತ ಹೇಳಿ ಕಳಿಸಬಹುದು. ಭಾಷೆ ಬಾರದ ಪ್ರವಾಸಿಗೂ ಅಷ್ಟೇ. ಓದು ಬರುವವರಿಗೂ ಲಾಭವಿದೆ. ತುಂಬಿದ ರೈಲಿನಲ್ಲಿ, ಜನರ ತಲೆಗಳ ನಡುವಿನಿಂದ ಇಣುಕಿ ಉದ್ದದ ಹೆಸರು ಓದುವುದಕ್ಕಿಂತ ಒಂದು ಚಿತ್ರ ಗುರುತು ಹಿಡಿಯುವುದು ಬೇಗ. ಇದೆಲ್ಲದರ ಜೊತೆಗೆ ಆ ಜಾಗದ ಕತೆಯೂ ದಿನಾ ಕಣ್ಣಿಗೆ ಬೀಳುತ್ತದೆ. ಮಿಡತೆ ಯಾಕೆ ಅಂತ ಯಾವುದಾದರೂ ಮಗು ಕೇಳೇ ಕೇಳುತ್ತದೆ.

ನಮ್ಮ ದೇಶಕ್ಕೆ ಈ ಯೋಚನೆ ಹೊಸದಲ್ಲ. 1951ರ ಜನಗಣತಿಯ ಹೊತ್ತಿಗೆ ಭಾರತದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು 18 ಮಂದಿ. ಮೊದಲ ಮಹಾಚುನಾವಣೆ ನಡೆಸಿದವರು ಪಕ್ಷಗಳಿಗೆ ಜೋಡೆತ್ತು, ಆಲದ ಮರ, ಗುಡಿಸಲು, ದೀಪ ಅಂತ ಚಿಹ್ನೆ ಕೊಟ್ಟರು. ಕೋಟಿಗಟ್ಟಲೆ ಜನ ಹೆಸರು ಓದದೆ ಮತ ಹಾಕಿದರು. ಅದೇ ಬುದ್ಧಿಯನ್ನು ನಮ್ಮ ಆಸ್ಪತ್ರೆ, ಬಸ್ ನಿಲ್ದಾಣ, ಮೆಟ್ರೊಗಳಿಗೆ ಯಾಕೆ ತರಲಿಲ್ಲ ಅಂತ ನನಗೆ ಆಗಾಗ ಅನ್ನಿಸುತ್ತದೆ. ಬೆಂಗಳೂರಿನ ನಮ್ಮ ಮೆಟ್ರೊದಲ್ಲಿ ಮಾರ್ಗಗಳಿಗೆ ನೇರಳೆ, ಹಸಿರು, ಹಳದಿ ಅಂತ ಬಣ್ಣ ಇಟ್ಟಿರುವುದು ಒಳ್ಳೆಯ ಕೆಲಸ. ಆದರೆ ನಿಲ್ದಾಣದ ಹೆಸರುಗಳು ಉದ್ದ. "ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್" ಅನ್ನುವುದನ್ನು ಓದಿ ಮುಗಿಸುವಷ್ಟರಲ್ಲಿ ಬಾಗಿಲು ಮುಚ್ಚುತ್ತದೆ. ಲಾಲ್‌ಬಾಗ್‌ಗೆ ಗಾಜಿನ ಮನೆ, ಕೆ.ಆರ್. ಮಾರ್ಕೆಟ್‌ಗೆ ಹೂವಿನ ಹಾರ, ಬಸವನಗುಡಿಯ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಕಡಲೆಕಾಯಿ. ಇಂಥ ಗುರುತುಗಳು ಇದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಲ್ವಾ?

ಒಂದು ಜಾಗಕ್ಕೆ ಬಂದವರಿಗೆ ಅಲ್ಲಿ ದಾರಿ ತಿಳಿಯಬೇಕು, ಅದು ಎಂಥ ಜಾಗ ಅಂತ ಗೊತ್ತಾಗಬೇಕು, ಇದ್ದಷ್ಟು ಹೊತ್ತು ಗಾಬರಿ ಇಲ್ಲದೆ ಇರಬೇಕು. ಇದಕ್ಕಾಗಿ ಅಕ್ಷರ, ಚಿತ್ರ, ಬಣ್ಣ, ಬೆಳಕು, ನೆಲ, ಗೋಡೆ ಎಲ್ಲವನ್ನೂ ಸೇರಿಸಿ ಮಾಡುವ ವಿನ್ಯಾಸಕ್ಕೆ ಎನ್ವಿರಾನ್‌ಮೆಂಟಲ್ ಗ್ರಾಫಿಕ್ ಡಿಸೈನ್ ಅಂತ ಹೆಸರಿತ್ತು. ಈಗ ಎಕ್ಸ್‌ಪೀರಿಯೆನ್ಷಿಯಲ್ ಗ್ರಾಫಿಕ್ ಡಿಸೈನ್ ಅನ್ನುತ್ತಾರೆ. ಅದರಲ್ಲಿ ದಾರಿ ತೋರಿಸುವ ಭಾಗ ವೇಫೈಂಡಿಂಗ್. ಇದು ಕಟ್ಟಡದ ವಾಸ್ತುಶಿಲ್ಪಕ್ಕೂ ಬೋರ್ಡು ಬರೆಯುವ ಕೆಲಸಕ್ಕೂ ನಡುವೆ ಇರುವ ಕಸುಬು. ಹಾಗಾಗಿಯೇ ನಮ್ಮಲ್ಲಿ ಇದು ಯಾರ ಜವಾಬ್ದಾರಿಯೂ ಆಗದೆ ಉಳಿಯುತ್ತದೆ. ಕಟ್ಟಡ ಮುಗಿದ ಮೇಲೆ, ಉದ್ಘಾಟನೆಗೆ ವಾರ ಇರುವಾಗ, ಬೋರ್ಡಿನವರನ್ನು ಕರೆಯುತ್ತಾರೆ.

ಜನ ದಾರಿ ತಪ್ಪುವುದು ಎಲ್ಲಿ?

ದೊಡ್ಡ ಆಸ್ಪತ್ರೆಯೊಂದನ್ನು ತೆಗೆದುಕೊಳ್ಳೋಣ. ಮೊದಲ ಸಲ ಬಂದವರಿಗೆ ಗೇಟಿನಲ್ಲಿ ಇರುವ ಪ್ರಶ್ನೆ ಒಂದೇ: ಯಾವ ಕಟ್ಟಡ? ಕಟ್ಟಡದ ಬಾಗಿಲಲ್ಲಿ: ಚೀಟಿ ಎಲ್ಲಿ ಮಾಡಿಸಬೇಕು? ಚೀಟಿ ಕೈಗೆ ಬಂದ ಮೇಲೆ: ಎಷ್ಟನೇ ಮಹಡಿ, ಲಿಫ್ಟ್ ಎಲ್ಲಿ? ಲಿಫ್ಟಿನಿಂದ ಹೊರಗೆ ಬಂದಾಗ: ಎಡಕ್ಕಾ, ಬಲಕ್ಕಾ? ಡಾಕ್ಟರ್ ನೋಡಿದ ಮೇಲೆ: ರಕ್ತ ಕೊಡುವುದು ಎಲ್ಲಿ, ದುಡ್ಡು ಕಟ್ಟುವುದು ಎಲ್ಲಿ? ಹೀಗೆ ಒಂದೊಂದು ತಿರುವಿನಲ್ಲೂ ಒಂದೊಂದೇ ಪ್ರಶ್ನೆ. ವಿನ್ಯಾಸಕರು ಇಂಥ ಜಾಗವನ್ನು ಡಿಸಿಷನ್ ಪಾಯಿಂಟ್ ಅನ್ನುತ್ತಾರೆ. ನಿಂತು, ಯೋಚಿಸಿ, ಒಂದು ದಿಕ್ಕು ಆರಿಸಿಕೊಳ್ಳಬೇಕಾದ ಜಾಗ ಅದು.

ಬೋರ್ಡು ಇರಬೇಕಾದ್ದು ಅಲ್ಲಿ. ಆ ಪ್ರಶ್ನೆಗೆ ಉತ್ತರ ಮಾತ್ರ ಅದರಲ್ಲಿರಬೇಕು. ಈ ಕಸುಬಿನ ಅರ್ಧ ತಿಳಿವಳಿಕೆ ಇಷ್ಟರಲ್ಲೇ ಇದೆ ಅಂತ ನಾನು ನಂಬಿದ್ದೇನೆ. ಆದರೆ ನಾವು ಸಾಮಾನ್ಯವಾಗಿ ಮಾಡುವುದು ಏನು? ಗೇಟಿನಲ್ಲೇ ಎಲ್ಲ ವಿಭಾಗಗಳ ಪಟ್ಟಿ ಇರುವ ದೊಡ್ಡ ಫಲಕ ನಿಲ್ಲಿಸುತ್ತೇವೆ. ನಲವತ್ತು ಸಾಲು, ನಲವತ್ತು ಬಾಣ. ಕೈಯಲ್ಲಿ ಕೂಸು ಹಿಡಿದು ಬಂದ ತಾಯಿ ಅದನ್ನು ಓದಿ, ನೆನಪಿಟ್ಟುಕೊಂಡು, ಮೂರನೇ ತಿರುವಿನಲ್ಲಿ ಬಳಸಬೇಕು. ಅಲ್ಲಿ, ಆ ಮೂರನೇ ತಿರುವಿನಲ್ಲಿ, ಏನೂ ಬರೆದಿರುವುದಿಲ್ಲ.

ಉದ್ದದ ಕಾರಿಡಾರಿನಲ್ಲಿ ಇನ್ನೊಂದು ತೊಂದರೆ. ಬಾಣ ನೋಡಿ ತಿರುಗಿ ಐವತ್ತು ಹೆಜ್ಜೆ ನಡೆದ ಮೇಲೆ ಮನಸ್ಸಿನಲ್ಲಿ ಅನುಮಾನ ಶುರುವಾಗುತ್ತದೆ. ಸರಿಯಾಗಿ ಬಂದೆನಾ? ಅದಕ್ಕೇ ನಡುವೆ ನಡುವೆ ಅದೇ ಹೆಸರನ್ನು ಮತ್ತೆ ತೋರಿಸಬೇಕು. ಹೊಸ ಮಾಹಿತಿ ಬೇಡ, "ಸರಿಯಾದ ದಾರಿಯಲ್ಲೇ ಇದ್ದೀರಿ" ಅನ್ನುವ ಧೈರ್ಯ ಸಾಕು.

ಹೆಸರು ಒಂದೇ ಇರಬೇಕು ಅನ್ನುವುದು ತುಂಬಾ ಸಣ್ಣ ವಿಷಯದ ಹಾಗೆ ಕಾಣುತ್ತದೆ. ಆದರೆ ಅತಿ ಜಾಸ್ತಿ ಗೊಂದಲ ಅಲ್ಲೇ ಹುಟ್ಟುತ್ತದೆ. ಚೀಟಿಯಲ್ಲಿ "ಸಿ ಬ್ಲಾಕ್" ಅಂತ ಇರುತ್ತದೆ, ಕಟ್ಟಡದ ಮೇಲೆ ದಾನಿಗಳ ಹೆಸರಿರುತ್ತದೆ, ನರ್ಸಮ್ಮ "ಹೊಸ ಬಿಲ್ಡಿಂಗಿಗೆ ಹೋಗಿ" ಅನ್ನುತ್ತಾರೆ. ಮೂರೂ ಒಂದೇ ಜಾಗ ಅಂತ ಬಂದವರಿಗೆ ಹೇಗೆ ಗೊತ್ತಾಗಬೇಕು? ಮಹಡಿ ಎಣಿಸುವುದರಲ್ಲೂ ಹೀಗೇ. ಕೆಲವರಿಗೆ ನೆಲದ ಮೇಲಿರುವುದೇ ಒಂದನೇ ಮಹಡಿ, ಕೆಲವರಿಗೆ ಅದರ ಮೇಲಿನದು. ಲಿಫ್ಟಿನ ಗುಂಡಿಯ ಮೇಲೆ "ಜಿ" ಅಂತ ಇದ್ದರೆ ಬೋರ್ಡಿನಲ್ಲೂ ಚೀಟಿಯಲ್ಲೂ ಹೇಳುವ ಬಾಯಲ್ಲೂ ಅದೇ ಬರಬೇಕು. ಇದಕ್ಕೆ ದುಡ್ಡು ಖರ್ಚಾಗುವುದಿಲ್ಲ. ಒಂದು ದಿನ ಎಲ್ಲರೂ ಕೂತು ಹೆಸರುಗಳ ಪಟ್ಟಿ ಮಾಡಿ ಒಪ್ಪಿಕೊಂಡರೆ ಸಾಕು.

ಫಲಕಗಳಲ್ಲಿ ನಾಲ್ಕು ಬಗೆ ಅಂತ ಈ ಕಸುಬಿನವರು ಹೇಳುತ್ತಾರೆ. ಇದು ಏನು ಅಂತ ಹೇಳುವುದು, ಎತ್ತ ಹೋಗಬೇಕು ಅಂತ ಹೇಳುವುದು, ಸಮಯ ದರ ಮುಂತಾದ ವಿವರ ಕೊಡುವುದು, ಇದು ಮಾಡಿ ಅದು ಮಾಡಬೇಡಿ ಅಂತ ಹೇಳುವುದು. ನಮ್ಮ ಸರ್ಕಾರಿ ಕಟ್ಟಡಗಳಲ್ಲಿ ಸುಮ್ನೆ ಒಂದು ಸುತ್ತು ಹಾಕಿ ಎಣಿಸಿ ನೋಡಿ. ಕೊನೆಯ ಬಗೆಯೇ ತುಂಬಿರುತ್ತದೆ. ಉಗುಳಬೇಡಿ, ಒಳಗೆ ಬರಬೇಡಿ, ಇಲ್ಲಿ ನಿಲ್ಲಬೇಡಿ. ಬಂದವರಿಗೆ ಬೇಕಾದ್ದು ದಾರಿ, ಸಿಗುವುದು ಬೈಗುಳ. ಒಂದು ಕಚೇರಿಗೆ ತನ್ನ ಜನರ ಮೇಲೆ ಎಷ್ಟು ಗೌರವ ಇದೆ ಅಂತ ಅದರ ಗೋಡೆ ಓದಿದರೆ ಗೊತ್ತಾಗುತ್ತದೆ.

ಜನರ ತಲೆಯಲ್ಲಿ ಊರಿನ ನಕ್ಷೆ ಹೇಗೆ ಇರುತ್ತದೆ ಅನ್ನುವುದನ್ನು ಮೊದಲು ಗಟ್ಟಿಯಾಗಿ ಅಧ್ಯಯನ ಮಾಡಿದವರಲ್ಲಿ ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಮುಖ್ಯರು. ಅವರು ಬಾಸ್ಟನ್, ಜರ್ಸಿ ಸಿಟಿ, ಲಾಸ್ ಏಂಜಲೀಸ್ ಊರಿನವರ ಹತ್ತಿರ ತಮ್ಮ ಊರಿನ ನಕ್ಷೆ ಬರೆಸಿದರು, ದಾರಿ ಹೇಳಿಸಿದರು. 1960ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಜನ ಊರನ್ನು ಐದು ಸಂಗತಿಗಳಿಂದ ನೆನಪಿಟ್ಟುಕೊಳ್ಳುತ್ತಾರೆ ಅಂತ ಹೇಳಿದರು: ದಾರಿಗಳು, ಅಂಚುಗಳು, ಬಡಾವಣೆಗಳು, ದಾರಿ ಕೂಡುವ ಜಾಗಗಳು, ಹೆಗ್ಗುರುತುಗಳು. ನಾವು ದಾರಿ ಹೇಳುವ ರೀತಿ ನೋಡಿದರೆ ಲಿಂಚ್ ಮಾತು ಸರಿ ಅನ್ನಿಸುತ್ತದೆ. "ಗಣೇಶನ ಗುಡಿ ದಾಟಿ, ಟ್ರಾನ್ಸ್‌ಫಾರ್ಮರ್ ಪಕ್ಕ ಎಡಕ್ಕೆ ತಿರುಗಿ" ಅನ್ನುತ್ತೇವೆಯೇ ಹೊರತು ನಾನ್ನೂರು ಮೀಟರ್ ಉತ್ತರಕ್ಕೆ ಅನ್ನುವುದಿಲ್ಲ. ಬೆಂಗಳೂರಿನ ಮೆಜೆಸ್ಟಿಕ್‌ಗೆ ಆ ಹೆಸರು ಬಂದಿದ್ದೇ ಒಂದು ಚಿತ್ರಮಂದಿರದಿಂದ. ಚಿತ್ರಮಂದಿರ ಹೋಯಿತು, ಹೆಸರು ಹೋಗಲಿಲ್ಲ. ಬೋರ್ಡು ಬರೆಯುವ ಮುನ್ನ ಅಲ್ಲಿನ ಜನ ಆ ಜಾಗವನ್ನು ಏನಂತ ಕರೆಯುತ್ತಾರೆ ಅಂತ ಕೇಳಬೇಕು ಅನ್ನುವುದು ಅದಕ್ಕೇ.

ದೂರದಿಂದ ಓದುವ ಅಕ್ಷರ

ಗಂಟೆಗೆ 100 ಕಿ.ಮೀ. ವೇಗದಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ದಾಟುತ್ತದೆ. ಫಲಕ ಓದಿ ತೀರ್ಮಾನಿಸಲು ಐದು ಸೆಕೆಂಡ್ ಬೇಕು ಅಂದರೆ 140 ಮೀಟರ್ ದೂರದಿಂದಲೇ ಅಕ್ಷರ ಕಾಣಬೇಕು. ಬ್ರಿಟನ್ನಿನಲ್ಲಿ 1950ರ ದಶಕದ ಕೊನೆಯಲ್ಲಿ ಮೊದಲ ಮೋಟಾರುದಾರಿಗಳು, ಅಂದರೆ ಎಕ್ಸ್‌ಪ್ರೆಸ್‌ವೇಗಳು, ಬಂದಾಗ ಈ ಲೆಕ್ಕ ಎದುರಾಯಿತು. ಅಲ್ಲಿಯವರೆಗೆ ರಸ್ತೆಯ ಫಲಕಗಳು ಒಂದೊಂದು ಕಡೆ ಒಂದೊಂದು ಥರ ಇದ್ದವು. ಕೆಲಸ ಜಾಕ್ ಕಿನ್ನೀರ್ ಎಂಬ ವಿನ್ಯಾಸಕರಿಗೆ ಸಿಕ್ಕಿತು. ಅವರು ತಮ್ಮ ವಿದ್ಯಾರ್ಥಿನಿಯಾಗಿದ್ದ ಮಾರ್ಗರೆಟ್ ಕಾಲ್ವರ್ಟ್ ಅವರನ್ನು ಜೊತೆಗೆ ಸೇರಿಸಿಕೊಂಡರು.

ಊರ ಹೆಸರುಗಳನ್ನು ಪೂರ್ತಿ ದೊಡ್ಡಕ್ಷರದಲ್ಲಿ ಬರೆಯಬೇಕೋ, ಮೊದಲನೆಯದು ದೊಡ್ಡದು ಉಳಿದವು ಚಿಕ್ಕವು ಅಂತ ಬರೆಯಬೇಕೋ ಅಂತ ದೊಡ್ಡ ವಾದ ನಡೆಯಿತು. ಕಿನ್ನೀರ್ ಮತ್ತು ಕಾಲ್ವರ್ಟ್ ಎರಡನೆಯದರ ಕಡೆ. ಎಲ್ಲ ದೊಡ್ಡಕ್ಷರವಾದರೆ ಪ್ರತಿ ಹೆಸರೂ ಒಂದೇ ಥರದ ಪಟ್ಟಿಯಾಗಿ ಕಾಣುತ್ತದೆ, ಚಿಕ್ಕಕ್ಷರ ಸೇರಿದರೆ ಹೆಸರಿಗೊಂದು ಆಕಾರ ಬರುತ್ತದೆ ಅನ್ನುವುದು ಅವರ ವಾದ. ವಾದದಲ್ಲೇ ನಿಲ್ಲದೆ ಸರ್ಕಾರದ ರಸ್ತೆ ಸಂಶೋಧನಾಲಯದವರು ಪರೀಕ್ಷೆ ಮಾಡಿದರು. ಒಂದು ವಿಮಾನದ ಬಯಲಿನಲ್ಲಿ ಜನರನ್ನು ಕೂರಿಸಿ, ಕಾರಿನ ಮೇಲೆ ಫಲಕ ಕಟ್ಟಿ ಅವರ ಕಡೆಗೆ ಓಡಿಸಿದರು. ಎಷ್ಟು ದೂರದಲ್ಲಿ ಓದಲು ಆಗುತ್ತದೆ ಅಂತ ಅಳೆದರು. ಎರಡು ಬಗೆಯ ಅಕ್ಷರಗಳ ನಡುವೆ ವ್ಯತ್ಯಾಸ ಬಹಳ ಕಡಿಮೆ ಬಂತು. ಕೊನೆಗೆ ಕಿನ್ನೀರ್ ಮತ್ತು ಕಾಲ್ವರ್ಟ್ ಅವರ ಅಕ್ಷರವೇ ನಿಂತಿತು. 1965ರ ಜನವರಿ 1ರಿಂದ ದೇಶದ ಎಲ್ಲ ರಸ್ತೆಗಳಿಗೂ ಹೊಸ ಫಲಕಗಳ ನಿಯಮ ಬಂತು. ಶಾಲೆಯ ಹತ್ತಿರ ಮಕ್ಕಳು ರಸ್ತೆ ದಾಟುವ ಚಿತ್ರದಲ್ಲಿ ಮೊದಲು ಹುಡುಗ ಹುಡುಗಿಯನ್ನು ಕರೆದುಕೊಂಡು ಹೋಗುತ್ತಿದ್ದ. ಕಾಲ್ವರ್ಟ್ ಅದನ್ನು ಬದಲಿಸಿ ಹುಡುಗಿಯೇ ಪುಟ್ಟ ಹುಡುಗನ ಕೈ ಹಿಡಿದು ನಡೆಸುವ ಹಾಗೆ ಬರೆದರು. ಆ ಹುಡುಗಿ ತಾನೇ ಅಂತ ಅವರು ಹೇಳಿದ್ದಾರೆ.

ಈ ಕತೆ ಓದಿದಾಗಲೆಲ್ಲ ನನ್ನ ಮನಸ್ಸು ಕನ್ನಡದ ಕಡೆ ಹೋಗುತ್ತದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರದ ತಕರಾರಿಲ್ಲ. ನಮಗೆ ಬೇರೆ ಸವಾಲುಗಳಿವೆ.

ಮೊದಲನೆಯದು ಒತ್ತಕ್ಷರ. "ಹಾಸನ" ಅನ್ನುವ ಹೆಸರು ಒಂದು ಗೆರೆಯ ಮೇಲೆ ಕೂರುತ್ತದೆ, ಕೆಳಗೆ ಏನೂ ಇಳಿಯುವುದಿಲ್ಲ. "ಶ್ರೀರಂಗಪಟ್ಟಣ" ಹಾಗಲ್ಲ. ಮೇಲೆ ಗುಡಿಸು, ಕೆಳಗೆ ರಕಾರದ ಒತ್ತು, ಟಕಾರದ ಒತ್ತು. ಎರಡಕ್ಕೂ ಒಂದೇ ಎತ್ತರದ ಚೌಕಟ್ಟು ಕೊಟ್ಟು ತುಂಬಿಸಿದರೆ ಹಾಸನ ದೊಡ್ಡದಾಗಿ ಕಾಣುತ್ತದೆ, ಶ್ರೀರಂಗಪಟ್ಟಣ ಕುಗ್ಗುತ್ತದೆ. ಇಂಗ್ಲಿಷ್ ಹೆಸರಿನ ಪಕ್ಕ ಕನ್ನಡ ಇಟ್ಟಾಗಲೂ ಇದೇ ಅನ್ಯಾಯ. ಕಂಪ್ಯೂಟರಿನಲ್ಲಿ ಎರಡಕ್ಕೂ ಒಂದೇ ಅಳತೆ ಕೊಟ್ಟಿರುತ್ತಾರೆ. ಆದರೆ ಮೇಲಿನ ಗುಣಿತಕ್ಕೂ ಕೆಳಗಿನ ಒತ್ತಿಗೂ ಜಾಗ ಬಿಟ್ಟ ಮೇಲೆ ಕನ್ನಡ ಅಕ್ಷರದ ಮುಖ್ಯ ಭಾಗ ಚಿಕ್ಕದಾಗಿ ಉಳಿಯುತ್ತದೆ. ಕನ್ನಡವೇ ಮೇಲಿದ್ದರೂ ಕಣ್ಣಿಗೆ ಮೊದಲು ಇಂಗ್ಲಿಷ್ ಬೀಳುತ್ತದೆ. ಪರಿಹಾರ ಕಷ್ಟವಿಲ್ಲ. ಚೌಕಟ್ಟಿನ ಎತ್ತರ ಬಿಟ್ಟು ಅಕ್ಷರದ ಒಡಲಿನ ಎತ್ತರ ಅಳೆಯಬೇಕು. ಸಾಲುಗಳ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಜಾಗ ಬಿಡಬೇಕು, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ.

ಎರಡನೆಯದು ಸಣ್ಣ ಗೆರೆಗಳು. ದ ಮತ್ತು ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ಥ ಆಗಬೇಕಾದರೆ ಒಳಗೆ ಒಂದು ಚುಕ್ಕಿ. ಪ ಮತ್ತು ಫ, ಬ ಮತ್ತು ಭ, ಪ ಮತ್ತು ಷ, ಎಲ್ಲ ಹೀಗೇ. ಪುಸ್ತಕವನ್ನು ಕೈಯಲ್ಲಿ ಹಿಡಿದಾಗ ಇದು ತೊಂದರೆ ಕೊಡುವುದಿಲ್ಲ. ಆದರೆ ರಾತ್ರಿ, ಹೆಡ್‌ಲೈಟ್ ಬೆಳಕಿನಲ್ಲಿ, ಕಡು ಬಣ್ಣದ ಮೇಲೆ ಬಿಳಿ ಅಕ್ಷರ ಹೊಳೆಯುವಾಗ ಗೆರೆಗಳು ಉಬ್ಬಿದಂತೆ ಕಾಣುತ್ತವೆ. ಆ ಸೀಳುಗಳು ಮುಚ್ಚಿಹೋಗುತ್ತವೆ. ಫಲಕಕ್ಕೆ ಬಳಸುವ ಕನ್ನಡ ಅಕ್ಷರದಲ್ಲಿ ಗೆರೆ ತುಂಬಾ ದಪ್ಪ ಇರಬಾರದು, ಒಳಗಿನ ಬಯಲು ಅಗಲವಾಗಿರಬೇಕು, ಸೀಳು ಚುಕ್ಕಿಗಳನ್ನು ಸ್ವಲ್ಪ ದೊಡ್ಡದು ಮಾಡಿರಬೇಕು. ಹಳೆಯ ಬೋರ್ಡು ಬರೆಯುವವರು ಇದನ್ನು ಕಣ್ಣಳತೆಯಲ್ಲೇ ಮಾಡುತ್ತಿದ್ದರು. ಬಸ್ಸಿನ ಹಣೆಯ ಮೇಲೆ ಕುಂಚದಲ್ಲಿ ಬರೆದ ಊರ ಹೆಸರುಗಳ ದುಂಡು ಅಕ್ಷರ ನೆನಪಿಸಿಕೊಳ್ಳಿ. ಇಂಗ್ಲಿಷಿನಲ್ಲಿ ಹತ್ತು ಅಡಿ ದೂರಕ್ಕೆ ಒಂದಿಂಚು ಎತ್ತರದ ಅಕ್ಷರ ಅನ್ನುವ ಒಂದು ಒರಟು ಲೆಕ್ಕ ಚಾಲ್ತಿಯಲ್ಲಿದೆ. ಕನ್ನಡಕ್ಕೆ ಅದನ್ನೇ ಹಾಗೆ ತಂದರೆ ಸಾಲದು. ನಮ್ಮ ಅಕ್ಷರಗಳಿಗೆ ನಾವೇ ಬಯಲಿನಲ್ಲಿ ನಿಂತು, ಕಾರು ಓಡಿಸಿ, ಅಳೆದು ನೋಡಬೇಕು.

ಭಾಷೆ ಹೆಚ್ಚಿದಷ್ಟೂ ಒಂದೊಂದಕ್ಕೆ ಸಿಗುವ ಜಾಗ ಕಡಿಮೆ. 2017ರಲ್ಲಿ ನಮ್ಮ ಮೆಟ್ರೊ ಫಲಕಗಳಲ್ಲಿ ಹಿಂದಿ ಬೇಡ ಅಂತ ಜನ ದನಿ ಎತ್ತಿದರು, ಆಮೇಲೆ ಅದನ್ನು ತೆಗೆದರು. ಅದು ಮೊದಲನೆಯದಾಗಿ ಭಾಷೆಯ ಹಕ್ಕಿನ ವಿಷಯ. ಜೊತೆಗೆ ವಿನ್ಯಾಸದ ವಿಷಯವೂ ಹೌದು. ಮೂರು ಲಿಪಿ ತುರುಕುವ ಜಾಗದಲ್ಲಿ ಎರಡು ಲಿಪಿ ಬಂದರೆ ಕನ್ನಡವನ್ನು ಅಷ್ಟು ದೊಡ್ಡದು ಮಾಡಬಹುದು.

ಬಣ್ಣದ ಬಗ್ಗೆ ಒಂದು ಮಾತು. ನಮ್ಮ ಹೆದ್ದಾರಿಗಳ ಕಿಲೋಮೀಟರ್ ಕಲ್ಲು ನೋಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ಲಾರಿ ಓಡಿಸುವವರಿಗೆ ಓದದೆಯೇ ಗೊತ್ತಾಗುತ್ತದೆ. ಆದರೆ ಇದು ಆ ಬಣ್ಣದ ಅರ್ಥ ಮೊದಲೇ ತಿಳಿದವರಿಗೆ ಮಾತ್ರ ಕೆಲಸ ಮಾಡುವ ಗುರುತು. ಕೆಲವರಿಗೆ, ಅದರಲ್ಲೂ ಗಂಡಸರಲ್ಲಿ, ಕೆಂಪು ಮತ್ತು ಹಸಿರು ಬೇರೆಯಾಗಿ ಕಾಣುವುದಿಲ್ಲ. ಹಾಗಾಗಿ ಬಣ್ಣದ ಜೊತೆ ಹೆಸರೋ ಸಂಖ್ಯೆಯೋ ಇರಲೇಬೇಕು. ನೆಲದ ಮೇಲೆ ಬರೀ ಬಣ್ಣದ ಪಟ್ಟಿ ಎಳೆದು "ಕೆಂಪು ಗೆರೆ ಹಿಡಿದು ಹೋಗಿ" ಅಂದರೆ ಕೆಲವರು ಅಲ್ಲೇ ನಿಂತುಬಿಡುತ್ತಾರೆ.

ನಕ್ಷೆ ಯಾವ ಕಡೆ ತಿರುಗಿರಬೇಕು?

"ನೀವು ಇಲ್ಲಿದ್ದೀರಿ" ಅನ್ನುವ ನಕ್ಷೆಯ ಮುಂದೆ ನಿಂತು ತಲೆ ವಾಲಿಸಿದವರನ್ನು ನೀವೂ ನೋಡಿರುತ್ತೀರಿ. ನಕ್ಷೆಯಲ್ಲಿ ಉತ್ತರ ಮೇಲಿದೆ, ನೀವು ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದೀರಿ. ನಕ್ಷೆಯ ಬಲ ನಿಮ್ಮ ಎಡ. ಅಮೆರಿಕದ ಮನಃಶಾಸ್ತ್ರಜ್ಞ ಮಾರ್ವಿನ್ ಲೆವಿನ್ 1980ರ ದಶಕದಲ್ಲಿ ಇದನ್ನು ಪ್ರಯೋಗ ಮಾಡಿ ನೋಡಿದರು. ನಕ್ಷೆ ನಿಂತವರ ದಿಕ್ಕಿಗೆ ಹೊಂದಿರದಿದ್ದರೆ ಜನ ತಪ್ಪು ಕಡೆಗೆ ಹೋಗುತ್ತಾರೆ ಅಂತ ಅವರ ಕೆಲಸ ತೋರಿಸಿತು.

ಲಂಡನ್ನಿನ ನಡೆಯುವವರಿಗಾಗಿ ಮಾಡಿದ ಲೆಜಿಬಲ್ ಲಂಡನ್ ಯೋಜನೆ ಈ ಪಾಠವನ್ನು ಚೆನ್ನಾಗಿ ಬಳಸಿಕೊಂಡಿತು. 2007ರಲ್ಲಿ ಬಾಂಡ್ ಸ್ಟ್ರೀಟ್ ಸುತ್ತಮುತ್ತ ಅದರ ಮೊದಲ ಕಂಬಗಳು ಬಂದವು. ಅಲ್ಲಿನ ನಕ್ಷೆಯಲ್ಲಿ ನಿಮ್ಮ ಮುಂದೆ ಇರುವುದೇ ಮೇಲೆ ಇರುತ್ತದೆ. ಹೆಗ್ಗುರುತಿನ ಕಟ್ಟಡಗಳನ್ನು ಎದ್ದು ನಿಂತ ಹಾಗೆ ಬರೆದಿದ್ದಾರೆ. ಐದು ನಿಮಿಷದಲ್ಲಿ ನಡೆದು ಎಲ್ಲಿಯವರೆಗೆ ಹೋಗಬಹುದು ಅನ್ನುವುದನ್ನು ಒಂದು ವೃತ್ತ ಹಾಕಿ ತೋರಿಸುತ್ತಾರೆ. ಆ ವೃತ್ತ ನನಗೆ ತುಂಬಾ ಇಷ್ಟ. ಯಾಕೆಂದರೆ ಲಂಡನ್ನಿಗೆ ಬಂದವರು ಊರನ್ನು ಅಳೆಯುತ್ತಿದ್ದುದು ಸುರಂಗ ರೈಲಿನ ನಕ್ಷೆಯಿಂದ. ಹ್ಯಾರಿ ಬೆಕ್ 1931ರಲ್ಲಿ ಬರೆದು 1933ರಲ್ಲಿ ಅಚ್ಚಾದ ಆ ಹೆಸರಾಂತ ನಕ್ಷೆ ರೈಲು ಬದಲಿಸಲು ಬಹಳ ಸಹಾಯ ಮಾಡುತ್ತದೆ. ಆದರೆ ಅದರಲ್ಲಿ ದೂರದ ಅಳತೆ ನಿಜವಲ್ಲ. ಲೆಸ್ಟರ್ ಸ್ಕ್ವೇರ್ ಮತ್ತು ಕೋವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ 300 ಮೀಟರ್ ಕೂಡ ಇಲ್ಲ. ಅಷ್ಟು ದೂರಕ್ಕೂ ಜನ ಕೆಳಗಿಳಿದು, ರೈಲು ಕಾದು, ಮತ್ತೆ ಮೇಲೆ ಬರುತ್ತಿದ್ದರು.

ಬೋರ್ಡಿಲ್ಲದೆ ಹೇಳುವ ನೆಲ, ಗೋಡೆ, ಬೆಳಕು

ಕಣ್ಣು ಕಾಣದವರಿಗೆ ಫಲಕ ಎಷ್ಟು ಚೆನ್ನಾಗಿದ್ದರೂ ಅಷ್ಟೇ. ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ಉಬ್ಬು ಗುರುತಿನ ಹಾಸುಬಿಲ್ಲೆಗಳನ್ನು ಕಂಡುಹಿಡಿದರು. 1967ರ ಮಾರ್ಚ್ 18ರಂದು ಒಕಯಾಮ ನಗರದಲ್ಲಿ, ಅಂಧರ ಶಾಲೆಯ ಹತ್ತಿರದ ರಸ್ತೆಯಲ್ಲಿ, ಅವನ್ನು ಮೊದಲ ಸಲ ಹಾಕಿದರು. ಉದ್ದ ಗೆರೆಗಳಿದ್ದರೆ "ಹೀಗೇ ನಡೆಯಿರಿ" ಅಂತ ಅರ್ಥ, ಗುಂಡು ಚುಕ್ಕಿಗಳಿದ್ದರೆ "ನಿಲ್ಲಿ, ಮುಂದೆ ಅಪಾಯವೋ ತಿರುವೋ ಇದೆ" ಅಂತ. ಕಾಲಿನ ಅಡಿಗೂ ಕೋಲಿನ ತುದಿಗೂ ಇದು ತಿಳಿಯುತ್ತದೆ. ಹಳದಿ ಬಣ್ಣ ಯಾಕೆಂದರೆ ಸ್ವಲ್ಪ ಮಾತ್ರ ಕಾಣುವವರಿಗೆ ಬೂದು ನೆಲದ ಮೇಲೆ ಅದು ಎದ್ದು ಕಾಣುತ್ತದೆ. ಇವತ್ತು ನಮ್ಮ ಮೆಟ್ರೊ ನಿಲ್ದಾಣಗಳಲ್ಲೂ ಇವು ಇವೆ. ಆದರೆ ನಮ್ಮ ಊರುಗಳ ಫುಟ್‌ಪಾತಿನಲ್ಲಿ ಇದೇ ಹಳದಿ ಸಾಲು ನೇರ ಹೋಗಿ ವಿದ್ಯುತ್ ಕಂಬಕ್ಕೆ ಮುಟ್ಟುವುದನ್ನು ನೋಡಿದಾಗ ಹೊಟ್ಟೆ ಉರಿಯುತ್ತದೆ. ಹಾಕಿದವರಿಗೆ ಅದು ಬರೀ ಅಲಂಕಾರದ ಟೈಲ್ಸ್. ನಂಬಿ ನಡೆದವರಿಗೆ ಪೆಟ್ಟು.

ಜಾಗದ ಆಕಾರವೇ ದಾರಿ ಹೇಳುವುದನ್ನು ನೋಡಬೇಕಾದರೆ ನಮ್ಮ ದೇವಸ್ಥಾನಗಳಿಗಿಂತ ಒಳ್ಳೆಯ ಪಾಠ ಬೇಕಿಲ್ಲ. ಗೋಪುರ ದೂರದಿಂದಲೇ ಎಲ್ಲಿ ಹೋಗಬೇಕು ಅಂತ ಹೇಳುತ್ತದೆ. ಧ್ವಜಸ್ತಂಭ ನೇರ ಮುಂದೆ ದೇವರಿದ್ದಾನೆ ಅಂತ ಹೇಳುತ್ತದೆ. ನವರಂಗ ಅನ್ನುವ ದೊಡ್ಡ ಮಂಟಪದಿಂದ ಸುಕನಾಸಿ ಅನ್ನುವ ಪುಟ್ಟ ಮುಂಕೋಣೆಗೆ, ಅಲ್ಲಿಂದ ಗರ್ಭಗುಡಿಯ ಕಡೆಗೆ ಹೋದ ಹಾಗೆ ಜಾಗ ಕಿರಿದಾಗುತ್ತದೆ, ಬೆಳಕು ಕಡಿಮೆಯಾಗುತ್ತದೆ, ಕೊನೆಗೆ ದೀಪವೊಂದೇ ಉಳಿಯುತ್ತದೆ. "ಮೌನವಾಗಿರಿ" ಅಂತ ಯಾರೂ ಬರೆದಿಲ್ಲದಿದ್ದರೂ ದನಿ ತಾನಾಗಿ ಇಳಿಯುತ್ತದೆ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವ ಗುಡಿಯನ್ನು ನೋಡಿ. ಅದು ನಿಂತಿರುವ ಜಗತಿ, ಅಂದರೆ ಎತ್ತರದ ಕಟ್ಟೆ, ಗುಡಿಯ ಆಕಾರವನ್ನೇ ಅನುಸರಿಸಿ ಸುತ್ತ ಅಗಲವಾಗಿ ಹರಡಿದೆ. ಮೆಟ್ಟಿಲು ಹತ್ತಿದ ಕೂಡಲೇ ಸುತ್ತು ಬರಬೇಕು ಅಂತ ಕಾಲಿಗೇ ಗೊತ್ತಾಗುತ್ತದೆ. ಸುತ್ತುತ್ತಾ ಹೋದರೆ ಗೋಡೆಯ ಶಿಲ್ಪಗಳು ಒಂದೊಂದಾಗಿ ಎದುರಾಗುತ್ತವೆ.

ಜಪಾನಿನ ಯಮಗುಚಿ ಪ್ರಾಂತ್ಯದಲ್ಲಿ ಉಮೆದಾ ಎಂಬ ಹೆರಿಗೆ ಆಸ್ಪತ್ರೆ ಇದೆ. 1998ರಲ್ಲಿ ಅದರ ಫಲಕಗಳನ್ನು ವಿನ್ಯಾಸ ಮಾಡಿದ ಕೆನ್ಯಾ ಹರಾ ಅವುಗಳನ್ನು ಬಿಳಿ ಹತ್ತಿ ಬಟ್ಟೆಯಲ್ಲಿ ಮಾಡಿದರು. ಬಟ್ಟೆ ಕೊಳೆಯಾಗುತ್ತದೆ, ಹಾಗಾಗಿ ತೆಗೆದು ಒಗೆಯಲು ಬರುವ ಹಾಗೆ ಮಾಡಿದರು. ಬೇಗ ಕೊಳೆಯಾಗುವ ವಸ್ತುವನ್ನು ಬೇಕೆಂದೇ ಆರಿಸಿ, ಅದನ್ನು ಸದಾ ಬೆಳ್ಳಗೆ ಇಟ್ಟರೆ, ಈ ಆಸ್ಪತ್ರೆ ಎಷ್ಟು ಶುಚಿ ಅಂತ ಹೇಳದೆಯೇ ತಿಳಿಯುತ್ತದೆ. ಮೆತ್ತಗಿನ ಬಟ್ಟೆ ನೋಡಿದರೆ ಹೆರಿಗೆಗೆ ಬಂದವರ ಮನಸ್ಸೂ ಸ್ವಲ್ಪ ಹಗುರಾಗುತ್ತದೆ. ಬರೀ ದಾರಿ ತೋರಿಸುವುದಾಗಿದ್ದರೆ ಪ್ಲಾಸ್ಟಿಕ್ ಸಾಕಿತ್ತು.

ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 2022ರ ನವೆಂಬರಿನಲ್ಲಿ ಉದ್ಘಾಟನೆಯಾಯಿತು. ಬಿದಿರಿನ ಚಾವಣಿ, ತೂಗುವ ಗಿಡಗಳು, ನಡುವೆ ತೋಟ. ಇದು ಉದ್ಯಾನಗಳ ಊರು ಅಂತ ಒಳಗೆ ಕಾಲಿಟ್ಟವರಿಗೆ ತಿಳಿಯಬೇಕು ಅನ್ನುವುದು ಉದ್ದೇಶ. ಇಂಥ ಕಾಳಜಿ ವಿಮಾನ ಹತ್ತುವವರಿಗಷ್ಟೇ ಮೀಸಲಾಗಬಾರದು. ತಾಲೂಕು ಆಸ್ಪತ್ರೆ, ನಾಡಕಚೇರಿ, ಕೆಂಪು ಬಸ್ಸಿನ ನಿಲ್ದಾಣಗಳಿಗೆ ಇದು ಇನ್ನೂ ಜಾಸ್ತಿ ಬೇಕು. ಅಲ್ಲಿಗೆ ಬರುವವರು ಆಯ್ಕೆ ಇದ್ದು ಬಂದವರಲ್ಲ.

ಅಲ್ಲಿ ಕೆಲಸ ಶುರು ಮಾಡಲು ದೊಡ್ಡ ಹಣವೂ ಬೇಕಿಲ್ಲ. ಗೋಡೆಗೆ, ಕಿಟಕಿಯ ಗಾಜಿಗೆ, ಕಂಬಕ್ಕೆ ಅಂಟಿಸಿರುವ ಹಾಳೆಗಳನ್ನು ಮೊದಲು ನೋಡಬೇಕು. "ಇಸಿಜಿ ಇಲ್ಲಿ ಇಲ್ಲ, ಪಕ್ಕದ ಕೊಠಡಿ", "ಆಧಾರ್ ವಿಚಾರಣೆ ಇಲ್ಲಿ ಬೇಡ, 4ನೇ ಕೌಂಟರ್". ಒಂದೇ ಪ್ರಶ್ನೆ ದಿನವಿಡೀ ಕೇಳಿಸಿಕೊಂಡು ಸಾಕಾದ ಸಿಬ್ಬಂದಿ ಕೈಯಾರೆ ಬರೆದು ಹಚ್ಚಿದ ಹಾಳೆಗಳು ಅವು. ಜಾಗ ಎಲ್ಲಿ ಸೋತಿದೆ ಅಂತ ಅವು ಕರಾರುವಾಕ್ಕಾಗಿ ತೋರಿಸುತ್ತವೆ. ಒಂದೊಂದರ ಫೋಟೊ ತೆಗೆದುಕೊಳ್ಳಿ, ಕಟ್ಟಡದ ನಕ್ಷೆಯಲ್ಲಿ ಗುರುತು ಹಾಕಿ. ಆಮೇಲೆ ಬಾಗಿಲ ಹತ್ತಿರ ಕೂರುವ ಸೆಕ್ಯುರಿಟಿಯವರ ಜೊತೆ ಅರ್ಧ ದಿನ ಕೂತು, ಜನ ಏನು ಕೇಳುತ್ತಾರೆ ಅಂತ ಬರೆದುಕೊಳ್ಳಿ. ಅತಿ ಜಾಸ್ತಿ ಕೇಳಿದ ಐದು ಪ್ರಶ್ನೆಗಳಿಗೆ, ಅವು ಹುಟ್ಟುವ ತಿರುವಿನಲ್ಲೇ, ತಾತ್ಕಾಲಿಕ ರಟ್ಟಿನ ಬೋರ್ಡು ನಿಲ್ಲಿಸಿ ಒಂದು ವಾರ ನೋಡಿ. ಪ್ರಶ್ನೆ ಕಡಿಮೆಯಾದರೆ ಅದನ್ನೇ ಗಟ್ಟಿ ಬೋರ್ಡು ಮಾಡಿಸಿ. ಕಡಿಮೆಯಾಗದಿದ್ದರೆ ಬೋರ್ಡಿನ ಜಾಗ ಬದಲಿಸಿ, ಮಾತು ಬದಲಿಸಿ, ಇನ್ನೊಂದು ವಾರ ನೋಡಿ.